ತೊಟ್ಟೂ ನುಂಗದ ದೇವೀರಮ್ಮತ್ತೆ

ನನ್ನ ಸೋದರತ್ತೆ ದೇವೀರಮ್ಮ ಉಗುಳುವುದನ್ನು ನೋಡಲೆಂದೇ ನಾನು ಹುಣಸೂರಿನಿಂದ ಬಸ್ಸು ಹತ್ತಿ ಹೋದದ್ದುಂಟು. ನಗಬೇಡಿ. ನಾವು ನೀವು ಬೀದಿ ಬದಿಯಲ್ಲಿ ಉಗುಳುವ ಹಾಗಲ್ಲ ಅದು. ಮೊದಲು ಬಾಯಿ ಮುಕ್ಕಳಿಸುತ್ತಿದ್ದಳು. ಸೆರಗಿನ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಪೀಪಾಯಿಯಿಂದ ಬಸಿದ ಕೆಂಪು ವೈನನ್ನು ಆ ಮನೆಗೆ ಇದ್ದೊಂದೇ ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಕೆನ್ನೆ ಒಂದು ಸಲ ಆ ಕಡೆ ಉಬ್ಬುತ್ತಿತ್ತು, ಒಂದು ಸಲ ಈ ಕಡೆ. ಸುತ್ತ ನಿಂತವರು ಉಸಿರು ಬಿಡುವಂತಿರಲಿಲ್ಲ. ಕೊನೆಗೆ ಹಿತ್ತಿಲ ಬಾಗಿಲಿಗೆ ಬಂದು ಒಂದೇ ಧಾರೆಗೆ ಉಗುಳಿಬಿಡುತ್ತಿದ್ದಳು. ವೈನು ಚೆನ್ನಾಗಿದ್ದರೆ ಧಾರೆ ಕಾಲಬುಡದಲ್ಲೇ ಬೀಳುತ್ತಿತ್ತು. ಕೆಟ್ಟಿದ್ದರೆ ದೂರ ಹೋಗುತ್ತಿತ್ತು. ಬಹಳ ಕೆಟ್ಟಿದ್ದರೆ ಬೇಲಿ ದಾಟುತ್ತಿತ್ತು. ಆವತ್ತು ಮನೆಯಲ್ಲಿ ಯಾರೂ ಅವಳ ಎದುರಿಗೆ ಸಿಕ್ಕುತ್ತಿರಲಿಲ್ಲ.

ನನ್ನತ್ತೆ ಆಯುಷ್ಯವೆಲ್ಲ ವೈನು ಮಾಡಿದಳು, ತೊಟ್ಟೂ ನುಂಗಲಿಲ್ಲ. ಯಾಕತ್ತೆ ಎಂದು ಕೇಳಿದರೆ, "ನುಂಗಿದೋರ್ಗೆ ಎಲ್ಲಾನೂ ಚಂದಾಗೇ ಕಾಣ್ತದೆ ಕಣ್ಲಾ. ನಿಮ್ಮಾವ್ನೂ ಅಂಗೇ ಕೆಟ್ಟಿದ್ದು" ಎನ್ನುತ್ತಿದ್ದಳು. ನಮ್ಮ ಮಾವ ಕೆಟ್ಟದ್ದೇನೂ ಇಲ್ಲ. ಸಂಜೆ ಒಂದು ಲೋಟ ಕುಡಿದು ಮಲಗುತ್ತಿದ್ದ ಸಾಧು ಮನುಷ್ಯ. ಆದರೆ ಅತ್ತೆಯ ಲೆಕ್ಕದಲ್ಲಿ ಯಾವುದನ್ನಾದರೂ ಚೆನ್ನಾಗಿದೆ ಅಂದವನು ಅರ್ಧ ಕೆಟ್ಟ ಹಾಗೆ.

ಅವಳ ಊರು ಮಂಚನಕೊಪ್ಪಲು. ಪಿರಿಯಾಪಟ್ಟಣ ದಾಟಿ ಕೊಡಗಿನ ಕಡೆಗೆ ಹೋದರೆ ನೆಲ ಮೆಲ್ಲಗೆ ಏರುತ್ತದೆ, ಗಾಳಿ ತೆಳ್ಳಗಾಗುತ್ತದೆ, ಧನುರ್ಮಾಸದಲ್ಲಿ ಹೊತ್ತು ಏರುವ ತನಕ ಮಂಜು ಕದಲುವುದಿಲ್ಲ. ಅಂಥ ಏರಿನಲ್ಲಿದೆ ಆ ಕೊಪ್ಪಲು. ಮಿರ್ಲೆಯಲ್ಲಿ ಹುಟ್ಟಿ ಬೆಳೆದ ಹೆಣ್ಣು ನಮ್ಮತ್ತೆ. ನಾಲೆ ನೀರು, ಭತ್ತದ ಗದ್ದೆ, ಬಿಸಿಲು ಬಿಟ್ಟರೆ ಬೇರೆ ಕಾಣದವಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ಚಳಿಯನ್ನು ಬೈದಳು, ರಾಗಿಯನ್ನು ಬೈದಳು, ದನಗಳು ಸಣ್ಣವು ಎಂದಳು. ಆಮೇಲೆ ದ್ರಾಕ್ಷಿ ತೋಟ ಕಂಡಳು. ಅಂದಿನಿಂದ ಬೈಗುಳವೆಲ್ಲ ಮಿರ್ಲೆಯ ಕಡೆಗೆ ತಿರುಗಿತು. "ನಾಲೆ ನೀರು ಕುಡ್ದು ಊದ್ಕಂಡಿರೋ ಜನ. ಒಂದು ಬಳ್ಳಿ ನೆಟ್ಟು ಕಾಯೋ ತಾಳ್ಮೆ ಯಾವನ್ಗೈತೆ ಅಲ್ಲಿ?" ಎಂದು ನಮ್ಮಪ್ಪನ ಎದುರಿಗೇ ಹೇಳುತ್ತಿದ್ದಳು. ನಮ್ಮಪ್ಪ, ಅಂದರೆ ಅವಳ ಅಣ್ಣ, ಮಿರ್ಲೆಯಲ್ಲೇ ಗದ್ದೆ ಮಾಡುತ್ತಿದ್ದವರು. ಕೇಳಿಸದವರ ಹಾಗೆ ಮುದ್ದೆ ನುಂಗುತ್ತಿದ್ದರು.

ತೋಟ ನೆಟ್ಟದ್ದು ಅವಳ ಮಾವ, ಅಂದರೆ ಗಂಡನ ಅಪ್ಪ. ಅವರು ಕೊಡಗಿನಲ್ಲಿ ಒಬ್ಬ ದೊರೆಯ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದವರು. ದೊರೆ ಸೀಮೆಗೆ ವಾಪಸು ಹೋಗುವಾಗ ಬಂಗಲೆ ಹಿಂದಿನ ಕರಿದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನೂ ಖಾಲಿ ಪೀಪಾಯಿಗಳನ್ನೂ ಅವರಿಗೆ ಕೊಟ್ಟು, ವೈನು ಮಾಡುವ ಬಗೆ ಹೇಳಿಕೊಟ್ಟು ಹೋದನಂತೆ. ಸರ್ಕಾರದ ಅಪ್ಪಣೆಯನ್ನೂ ಆತನೇ ಕೊಡಿಸಿದ್ದು. ಊರವರು ಮೇಸ್ತ್ರಿಗೆ ಹುಚ್ಚು ಹಿಡಿದಿದೆ ಎಂದರು. ಸಣ್ಣ ಗೋಲಿಯಂಥ ಹಣ್ಣು, ಒಳಗೆಲ್ಲ ಬೀಜ, ಸಿಪ್ಪೆ ಒಗರು. ತಿನ್ನಲಾಗದ ಹಣ್ಣನ್ನು ಬೆಳೆಯುವವನು ಹುಚ್ಚನಲ್ಲದೆ ಇನ್ನೇನು?

ಹಣ್ಣನ್ನು ಕಾಲಲ್ಲಿ ತುಳಿಯಬೇಕು ಎಂದು ದೊರೆ ಹೇಳಿದ್ದನಂತೆ. ಆದರೆ ಕೊಪ್ಪಲಿನ ಒಬ್ಬ ಹೆಂಗಸೂ ತೊಟ್ಟಿಯೊಳಗೆ ಕಾಲಿಡಲು ಒಪ್ಪಲಿಲ್ಲ. ಬಾಯಿಗೆ ಹೋಗುವ ಪದಾರ್ಥವನ್ನು ತುಳಿಯುವುದುಂಟೆ? ಹಾಗಾಗಿ ಅಲ್ಲಿ ಎಲ್ಲ ಕೈಯಲ್ಲೇ. ಹೆಂಗಸರು ಬಳೆ ಮೇಲಕ್ಕೆ ಸರಿಸಿಕೊಂಡು ತೊಟ್ಟಿಯ ಸುತ್ತ ಕೂತು ಕಿವುಚುತ್ತಿದ್ದರು. ಕಿವುಚಿದ್ದನ್ನು ಗುಡಾಣಗಳಿಗೆ ತುಂಬಿದರೆ ಅದು ಉಕ್ಕಿ ಸಿಪ್ಪೆಯೆಲ್ಲ ಮೇಲೆ ತೇಲುತ್ತಿತ್ತು. ಆ ಸಿಪ್ಪೆಯನ್ನು ಹೊತ್ತುಹೊತ್ತಿಗೆ ಒಳಗೆ ಅದುಮುವುದಕ್ಕೆ ಮುದ್ದೆ ತೊಳಸುವ ಕೋಲಿನಂಥದೇ ಒಂದು ಉದ್ದ ಕೋಲು. ಅದನ್ನು ಅತ್ತೆ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆ ದಿನಗಳಲ್ಲಿ ಅವಳ ಕೈ ಮೊಣಕೈವರೆಗೆ ನೇರಳೆ ಬಣ್ಣ. ಆ ಕೈಯಲ್ಲೇ ಊಟಕ್ಕೆ ಇಕ್ಕುತ್ತಿದ್ದಳು.

ನಾನು, ಅಂದರೆ ಅತ್ತೆಯ ಬಾಯಲ್ಲಿ ನಿಂಗ, ಆಗ ಹುಣಸೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯೊಂದರಲ್ಲಿ ರೈಟರಾಗಿದ್ದೆ. ಕೋಟು ಹಾಕಿಕೊಳ್ಳುತ್ತಿದ್ದೆ. ಒಂದು ಸಲ ಹಾಗೇ ಕೋಟು ಹಾಕಿಕೊಂಡು ಹೋದವನಿಗೆ ಅತ್ತೆ ಲೋಟ ಕೊಟ್ಟು, "ಏನನ್ನಿಸ್ತದೆ ಯೋಳು" ಎಂದಳು. ನಾನು ಕುಡಿದು, ದೊಡ್ಡವರು ಅನ್ನುವ ಹಾಗೆ ತಲೆ ಆಡಿಸಿ, "ಬಾಳ ಚೆನ್ನಾಗೈತೆ ಅತ್ತೆ" ಎಂದೆ.

"ಏನು ಚೆನ್ನಾಗೈತೆ?"

"ರುಚಿ."

"ಯಾವ ರುಚಿ?"

ನಾನು ಲೋಟದೊಳಕ್ಕೆ ಇಣುಕಿ ನೋಡಿದೆ. ಅತ್ತೆ ಲೋಟ ಕಿತ್ತುಕೊಂಡಳು. "ಅದ್ಕೇ ಕಾರ್ಖಾನೇಲಿ ಮಡಗವ್ರೆ ನಿನ್ನ. ಕಾಫಿ ಬೀಜ ಎಣಿಸ್ಕಂಡಿರು ಓಗು."

ಜನರನ್ನು ಅವಳು ಜಾತಿಯಿಂದಲೋ ಆಸ್ತಿಯಿಂದಲೋ ಅಳೆಯುತ್ತಿರಲಿಲ್ಲ, ಬಾಯಿಯಿಂದ ಅಳೆಯುತ್ತಿದ್ದಳು. ಊರಿನ ಹೆಂಡ ಕುಡುಕರದು ಅವಳ ಪ್ರಕಾರ ಬಾಯಲ್ಲ, ಬಚ್ಚಲ ತೂತು. ಸಿಹಿ ಬೇಕು ಎನ್ನುವವರದು ಎಳೆ ಮಕ್ಕಳ ಬಾಯಿ. ಕೊಡಗಿನ ಬಂಗಲೆಗಳಿಂದ ಬಾಟಲಿ ಒಯ್ಯಲು ಬರುತ್ತಿದ್ದ ಬಟ್ಲರನೊಬ್ಬ ಇದ್ದ, ಮಲಯಾಳದ ಕಡೆಯವನು. ಒಂದು ಸಲ ಅವನು, "ಅಮ್ಮ, ದೊರೆಸಾನಿ ವಸಿ ಮಧುರ ಬೇಕು ಹೇಳಿದ್ರು. ಸಕ್ಕರೆ ಹಾಕಾನ್ ಪಟ್ಟುಮೋ?" ಎಂದು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಕೇಳಿದ. ಅತ್ತೆ ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಅವನ ಕೈಗಿಟ್ಟಳು. "ಇದ್ನ ನೀರಲ್ಲಿ ಕದ್ಡಿ ಕೊಡಪ್ಪ ಆಯಮ್ಮಂಗೆ. ನನ್ನ ಬಾಟ್ಲಿ ಯಾಕೆ ದಂಡ ಮಾಡ್ತೀಯ?" ಅವನು ಬೆಲ್ಲವನ್ನೂ ಒಯ್ದ, ಬಾಟಲಿಯನ್ನೂ ಒಯ್ದ.

ಆ ಬಟ್ಲರನ ದೊರೆಯೇ ಒಂದು ದಿನ ಮೋಟಾರಿನಲ್ಲಿ ಬಂದ. ಕೊಪ್ಪಲಿನ ಜನವೆಲ್ಲ ಮೋಟಾರಿನ ಸುತ್ತ. ದೊರೆ ಪೀಪಾಯಿ ಕೋಣೆಗೆ ಬಗ್ಗಿ ಹೋಗಿ, ಕುಡಿದು, ಹೊರಗೆ ಬಂದು, ತನ್ನ ದೇಶದಲ್ಲಿ ಚಳಿ ಸೀಮೆಯ ಹಳೆ ಮನೆತನಗಳು ಮಾಡುವ ವೈನಿನ ಹಾಗೇ ಇದೆ ಎಂದು ಮುಕ್ಕಾಲು ಕನ್ನಡದಲ್ಲಿ ಹೊಗಳಿದ. ನಮ್ಮ ಮಾವನ ಕಣ್ಣಲ್ಲಿ ನೀರು ಬಂತು. ಅತ್ತೆ ಕಂಬಕ್ಕೆ ಒರಗಿ ನಿಂತವಳು ಕದಲಲಿಲ್ಲ. ಮೋಟಾರಿನ ಧೂಳು ಇಳಿದ ಮೇಲೆ ಹೇಳಿದಳು: "ಅವನ ಬಾಯಲ್ಲಿ ಚುಟ್ಟ ಇತ್ತು. ತೆಗ್ದು ಕುಡ್ದ, ಮತ್ತೆ ಮಡಿಕ್ಕಂಡ. ಅವ್ನಿಗೆ ನಮ್ಮ ಕಲಗಚ್ಚು ಕೊಟ್ಟಿದ್ರೂ ಅವನ ದೇಶವೇ ಗ್ಯಾಪ್ಕ ಬರ್ತಿತ್ತು."

ಇನ್ನೊಬ್ಬ ಅಧಿಕಾರಿಯ ಕತೆ ಹೇಳಲೇಬೇಕು. ಆತ ಎಲ್ಲಿಯವನು, ಯಾವ ಹುದ್ದೆ ಎಂಬುದು ಬೇಡ. ತೋಟದ ತಪಾಸಣೆ ಎಂದು ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತು, ತಪಾಸಣೆ ಬಿಟ್ಟು ಬೇರೆಲ್ಲ ಮಾಡುತ್ತಿದ್ದ. ಪ್ರತಿ ಸಲ ಬಿಟ್ಟಿ ಬಾಟಲಿ ಬೇಕು. ಅತ್ತೆ ಹುಳಿ ತಿರುಗಿದ ಪೀಪಾಯಿಯೊಂದನ್ನು ಬೇರೆ ಇಟ್ಟಿದ್ದಳು. ಅದರಿಂದ ತುಂಬಿಸಿ ಕೊಟ್ಟಳು. ಆತ ಅಲ್ಲೇ ಒಂದು ಲೋಟ ಎತ್ತಿ, ಕಣ್ಣಲ್ಲಿ ನೀರು ಬರುತ್ತಿದ್ದರೂ ತಡೆದುಕೊಂಡು, "ಫಸ್ಟ್ ಕ್ಲಾಸ್ ಕಣಮ್ಮ, ಹಳೇ ಸರಕು ಅಂತ ಗೊತ್ತಾಗುತ್ತೆ" ಎಂದ. ಅತ್ತೆ ಕೈ ಮುಗಿದಳು. ಆತ ಹೋದ ಮೇಲೆ ನಮಗೆ ಹೇಳಿದಳು: "ಅದ್ನ ಉಪ್ಪಿನಕಾಯ್ಗೂ ಆಕಲ್ಲ ನಾನು." ಅಲ್ಲಿಂದ ಮುಂದೆ ಆ ಪೀಪಾಯಿಗೆ ಆ ಮನೆಯಲ್ಲಿ ಸಾಹೇಬರ ಪೀಪಾಯಿ ಎಂದೇ ಹೆಸರು.

ಇಷ್ಟೆಲ್ಲ ತಿರಸ್ಕಾರ ಹೊತ್ತುಕೊಂಡಿದ್ದ ಹೆಂಗಸಿಗೆ ಆ ತೋಟದಲ್ಲಿ ಸ್ವಂತದ್ದು ಅಂತ ಒಂದು ಗುಣಿ ನೆಲವೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ನಮ್ಮ ಮಾವ ತೀರಿಕೊಂಡ ಮೇಲೆ ಯಜಮಾನಿಕೆ ಅವನ ತಮ್ಮ ಕಾಳೇಗೌಡನಿಗೆ ಬಂತು. ಕಾಳೇಗೌಡ ಕೆಟ್ಟವನು ಎಂದು ಹೇಳಿದರೆ ಅವನನ್ನು ದೊಡ್ಡದು ಮಾಡಿದಂತಾಗುತ್ತದೆ. ಯಾರು ಕೊನೆಗೆ ಮಾತಾಡಿದರೋ ಅವರ ಮಾತು ಅವನದಾಗುತ್ತಿತ್ತು, ಅಷ್ಟೆ. ಆಗ ಯುದ್ಧ ನಡೆಯುತ್ತಿತ್ತು. ಕೊಡಗಿನ ದೊರೆಗಳು ಸೈನ್ಯದ ಉಡುಪು ಹಾಕಿಕೊಂಡು ಹೊರಟುಹೋಗಿ ಬಂಗಲೆಗಳಿಗೆ ಬೀಗ ಬಿದ್ದಿತ್ತು. ಬಟ್ಲರನ ಸುಳಿವಿಲ್ಲ. ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸು ಏರು ಹತ್ತಲಾರದೆ ಜನರನ್ನೆಲ್ಲ ಇಳಿಸಿ ತಳ್ಳಿಸುತ್ತಿದ್ದ ಆ ಕಾಲದಲ್ಲಿ ಬಾಟಲಿ ಸಾಗಿಸುವವರು ಯಾರು? ವೈನು ಕೋಣೆಯಲ್ಲೇ ಉಳಿಯಿತು. ಅದೇ ಹೊತ್ತಿಗೆ ಸಿಗರೇಟಿನ ಹೊಗೆಸೊಪ್ಪು ಬೆಳೆಸುತ್ತೇವೆಂದು ಒಬ್ಬ ಏಜೆಂಟ ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದ. ಬೀಜ ಕೊಡುತ್ತೇವೆ, ಸೊಪ್ಪು ಬೇಯಿಸುವ ಬ್ಯಾರನ್ನೆಂಬ ಒಲೆಮನೆ ಕಟ್ಟಿಸುತ್ತೇವೆ, ಎಷ್ಟು ಬೆಳೆದರೂ ಕೊಳ್ಳುತ್ತೇವೆ ಎಂದ. ಕಾಳೇಗೌಡನ ಹತ್ತಿರ ಕೊನೆಗೆ ಮಾತಾಡಿದವನು ಅವನೇ.

"ಅತ್ಗೆಮ್ಮ, ಬಳ್ಳಿ ಕೀಳಿಸ್ಬುಡಾನ" ಎಂದ ಕಾಳೇಗೌಡ, ನೆಲ ನೋಡಿಕೊಂಡು.

"ಯಾಕಪ್ಪ?"

"ಎಲ್ರೂ ಒಗೆಸೊಪ್ಪು ಆಕ್ತಾವ್ರೆ."

"ಎಲ್ರೂ ಅಂದ್ರೆ ಯಾರು? ಆ ಸೈಕಲ್ನವ್ನಾ? ಅವನಿಗೆ ನೆಲ ಎಲ್ಲೈತೆ, ಟಯರ್ ಮ್ಯಾಲಾ?"

ಮಾತು ಮುಗಿಯದೆ ಕೊನೆಗೆ ಪಂಚಾಯ್ತಿಗೆ ಬಂತು. ಪಟೇಲ ಸಿದ್ದೇಗೌಡ, ಅವನ ಜೊತೆಗೆ ಅಕ್ಕಪಕ್ಕದ ಕೊಪ್ಪಲುಗಳಿಂದ ಇಬ್ಬರು ಯಜಮಾನರು. ಬಳ್ಳಿ ಉಳಿಯಬೇಕೋ ಹೋಗಬೇಕೋ ಅವರು ಹೇಳಬೇಕು. ಅತ್ತೆಯದು ಒಂದೇ ಬೇಡಿಕೆ: "ನಮ್ಮ ಜಗಲೀಲೇ ಕೂತು, ನಾನ್ ಮಾಡಿದ್ನ ಕುಡ್ದು ನೋಡಿ, ಆಮ್ಯಾಕೆ ಯೋಳಿ." ಪಟೇಲ ಒಪ್ಪಿದ. ಬಿಟ್ಟಿ ಕುಡಿಯುವುದಕ್ಕೆ ಬೇಡ ಎನ್ನುವ ಜಾತಿಯಲ್ಲ ಅವನು.

ಅತ್ತೆ ನನ್ನನ್ನೂ ಕರೆಸಿದ್ದಳು, ತವರಿನ ಕಡೆಯವನೊಬ್ಬ ಇರಲಿ ಎಂದು. ಒಳ್ಳೆ ಚಳಿ ಬಿದ್ದು ಹಣ್ಣು ನಿಧಾನವಾಗಿ ಮಾಗಿದ ಒಂದು ವರ್ಷದ ಪೀಪಾಯಿಯನ್ನು ಅವಳು ಯಾರಿಗೂ ಕೊಡದೆ ಇಟ್ಟಿದ್ದಳು. ಅದನ್ನು ತೆಗೆದಳು. ಬೆಳಿಗ್ಗೆಯಿಂದ ಕಾಳೇಗೌಡನ ಹೆಂಡತಿಗೆ ಒಲೆಯಲ್ಲಿ ಒಗ್ಗರಣೆ ಹಾಕಗೊಡಲಿಲ್ಲ, ವಾಸನೆಗೆ ರುಚಿ ಕೆಡುತ್ತದೆ ಎಂದು. ಸಾಂಬ್ರಾಣಿ ಹೊಗೆ ಬೇಡ ಎಂದಳು. ದನದ ಕೊಟ್ಟಿಗೆ ಎರಡು ಸಲ ಗುಡಿಸಿಸಿದಳು. ಲೋಟ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಪೀಪಾಯಿಯಿಂದ ಬಸಿದು, ಬಾಯಲ್ಲಾಡಿಸಿ, ಹಿತ್ತಿಲಿಗೆ ಬಂದು ಉಗುಳಿದಳು. ಧಾರೆ ಅವಳ ಕಾಲಲ್ಲಿ ಹಿಂದೆ ಕಾಲುಂಗುರವಿದ್ದ ಜಾಗಕ್ಕೆ ತಾಕುವಷ್ಟು ಹತ್ತಿರ ಬಿತ್ತು. ಅಷ್ಟು ಹತ್ತಿರ ಬಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಪಂಚರು ಬಂದರು. ಕಾಲು ತೊಳೆಯಲು ನೀರು ಕೊಟ್ಟದ್ದಾಯಿತು, ಕಂಬಳಿ ಹಾಸಿದ್ದಾಯಿತು. ಅತ್ತೆ ಒಳಗೆ ಹೋದಳು. ಮನೆಗೆ ಬಂದವರು ಕೂತ ಕೂಡಲೇ ಹಿರಿಯಳು ಏನು ತರುತ್ತಾಳೋ ಅದನ್ನೇ ತಂದಳು. ಎಲೆ, ಅಡಿಕೆ, ಸುಣ್ಣ, ಅಂಚಿನಲ್ಲಿ ಚೂರು ಹೊಗೆಸೊಪ್ಪು ಇದ್ದ ತಟ್ಟೆ.

ಹೊಸ್ತಿಲ ಹತ್ತಿರ ಬಂದವಳು ಅರೆಗಳಿಗೆ ನಿಂತಳು. ಆಗಲೇ ಅವಳಿಗೆ ಹೊಳೆದದ್ದು. ಒಗ್ಗರಣೆ ನೆನಪಾಗಿತ್ತು, ಸಾಂಬ್ರಾಣಿ ನೆನಪಾಗಿತ್ತು, ಕೊಟ್ಟಿಗೆ ನೆನಪಾಗಿತ್ತು. ಎಲೆಅಡಿಕೆ ನೆನಪಾಗಿರಲಿಲ್ಲ. ಉಸಿರಾಡುವುದು ಯಾರಿಗೆ ನೆನಪಿರುತ್ತದೆ? ತಟ್ಟೆ ಪಟೇಲನ ಕಣ್ಣಿಗೆ ಬಿದ್ದಾಗಿತ್ತು. ಅವನ ಕೈ ಆಗಲೇ ಮುಂದೆ ಬಂದಿತ್ತು. ಅತ್ತೆ ಹೆಜ್ಜೆ ಮುಂದಿಟ್ಟು ತಟ್ಟೆಯನ್ನು ಅವರ ನಡುವೆ ಇಟ್ಟಳು.

ಮೂವರೂ ನಿಧಾನವಾಗಿ ಎಲೆಯ ತೊಟ್ಟು ಮುರಿದರು. ನಾರು ತೆಗೆದರು. ಸುಣ್ಣ ಸವರಿದರು, ಹೊಗೆಸೊಪ್ಪು ಸೇರಿಸಿದರು, ಮಡಿಚಿ ದವಡೆಗೆ ಒತ್ತಿದರು. ಮಳೆ ಬೆಳೆ ಮಾತಾಡಿದರು. ನಾನು ಅತ್ತೆಯ ಹತ್ತಿರ ಸರಿದು, "ಬಾಯಿ ಮುಕ್ಕಳಿಸಕ್ಕೆ ನೀರು ತರ್ಲಾ?" ಎಂದು ಪಿಸುಗುಟ್ಟಿದೆ.

"ಕೊಟ್ಟಿದ್ನ ಉಗೀರಿ ಅನ್ನಾಕಾಯ್ತದಾ? ಸುಮ್ಕಿರು" ಎಂದಳು, ತುಟಿ ಅಲುಗಿಸದೆ.

ಲೋಟಗಳು ಬಂದವು. ಪಟೇಲ ಒಂದು ಗುಟುಕು ಕುಡಿದ. ಅವನ ಮುಖ ಹಿಂಡಿದ ಬಟ್ಟೆಯಂತಾಯಿತು. "ಇದೇನವ್ವ ದೇವೀರವ್ವ, ಕುಡ್ಗೋಲು ನೆಕ್ಕಿದಂಗೈತೆ."

ಎರಡನೆಯವನು, "ಬೆಲ್ಲ ಆಕಾದು ಮರ್ತ್ರಾ?" ಎಂದ.

ಮೂರನೆಯವನು ಅಂಗಳಕ್ಕೆ ಬಗ್ಗಿ ಉಗುಳಿದ. ಅದು ಎಲೆಯ ಕೆಂಪೋ ವೈನಿನ ಕೆಂಪೋ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅಷ್ಟು ಹೊಲಸಾಗಿ ಉಗುಳಿದವನನ್ನು ಆ ಅಂಗಳ ಕಂಡಿರಲಾರದು.

ತೀರ್ಮಾನ ಹೇಳಲು ಹೊತ್ತಾಗಲಿಲ್ಲ. ಯಜಮಾನ ಕಾಳೇಗೌಡ, ಅವನಿಗೆ ತೋಚಿದ್ದು ಅವನು ಬೆಳೆಯಲಿ. "ನಿಂಗೇನವ್ವ ಕಮ್ಮಿ ಮಾಡ್ತಾನೆ ಅವ್ನು? ವೊಟ್ಟೆಗೆ ಬಟ್ಟೆಗೆ ನೋಡ್ಕತಾನೆ" ಎಂದು ಪಟೇಲ ಸಮಾಧಾನದ ಮಾತು ಸೇರಿಸಿದ.

"ಎಮ್ಮೆಗೆ ಬಟ್ಟೆ ಇಲ್ಲ ಅನ್ನಾದೊಂದ್ಬುಟ್ರೆ ಅದ್ನೂ ಅಂಗೇ ನೋಡ್ಕತಾರೆ ಪಟೇಲ್ರೆ" ಎಂದಳು ಅತ್ತೆ. "ಇನ್ನೊಂದೆಲೆ ಆಕ್ಕಳಿ."

ಅವರು ಹಾಕಿಕೊಂಡರು. ಬೀಳ್ಕೊಟ್ಟದ್ದೂ ಆಯಿತು. ಬೈಗಿನ ಹೊತ್ತಿಗೆ ಅವಳು ಹಿತ್ತಿಲಲ್ಲಿ ಲೋಟ ತೊಳೆಯುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ.

"ತಟ್ಟೆ ವಸಿ ತಡ್ದು ತಂದಿದ್ರೆ ತೋಟ ಉಳೀತಿತ್ತು ಅತ್ತೆ. ಒಳಕ್ಕೆ ತಿರುಗ್ಬುಡಬೋದಾಗಿತ್ತು ನೀನು."

"ಬಂದೋರ್ನ ಬರೀ ಬಾಯಲ್ಲಿ ಕೂರ್ಸಿ ಗೆದ್ಕಳಾದಾ?" ಎಂದಳು. "ಅವ್ರು ಕತ್ತೆಗಳು, ನಂಗೊತ್ತಿಲ್ವಾ? ಕತ್ತೆ ಬಂದು ಕೂತ್ರೂ ಈ ಜಗಲೀಲಿ ಎಲೆಅಡಿಕೆ ಐತೆ. ಅದ್ನ ಇಲ್ಲ ಅನ್ನಿಸ್ಕಂಡು ಬಳ್ಳಿ ಕಾಯಾಕೆ ನಾನೇನು ಆ ಪಟೇಲನ ಮನೇಲಿ ಉಟ್ಟಿದ್ನಾ?" ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆದಳು. "ಆ ಪೀಪಾಯಿ ತೆಗೀಬಾರ್ದಾಗಿತ್ತು. ಸಾಹೇಬ್ರ ಪೀಪಾಯೀದು ಕೊಟ್ಟಿದ್ರೂ ಅದೇ ಮಾತ್ನೇ ಆಡ್ತಿದ್ರು."

ಬಳ್ಳಿ ಕಡಿಯುವ ದಿನ ಆಳುಗಳು ಮಚ್ಚು ಹಿಡಿದು ನಿಂತಿದ್ದರಂತೆ. ನಾನಿರಲಿಲ್ಲ, ಕಾಳೇಗೌಡನೇ ಹೇಳಿದ್ದು. ಮೊದಲನೆಯವನು ಬೀಸಿದ ಏಟು ಓರೆಯಾಗಿ ಬಿದ್ದು ಬಳ್ಳಿ ಸಿಗಿದು ನಿಂತಿತು. ಅತ್ತೆ ಬಂದು ಅವನ ಕೈಯಿಂದ ಮಚ್ಚು ತೆಗೆದುಕೊಂಡು, "ಕಡ್ಯಾಕೂ ಬರಲ್ಲ ನಿಂಗೆ" ಎಂದು, ಆ ಬಳ್ಳಿಯನ್ನು ಬುಡಕ್ಕೆ ಸಮನಾಗಿ ಒಂದೇ ಏಟಿಗೆ ಇಳಿಸಿ, ಮಚ್ಚು ವಾಪಸು ಕೊಟ್ಟು ಒಳಗೆ ಹೋದಳಂತೆ. ಪೀಪಾಯಿಗಳನ್ನು ಅಡ್ಡಕ್ಕೆ ಕೊಯ್ಯಿಸಿ ದನಕ್ಕೆ ಕಲಗಚ್ಚು ಹಾಕುವ ತೊಟ್ಟಿ ಮಾಡಿದರು. ದೊರೆಯ ಕಾಲದ ಮರ, ಇನ್ನೂ ಗಟ್ಟಿಯಾಗಿದೆ ಎಂದು ಕಾಳೇಗೌಡ ನನಗೆ ತಟ್ಟಿ ತೋರಿಸಿದ. ಹೆಮ್ಮೆ ಬೇರೆ.

ಹೊಗೆಸೊಪ್ಪಿನ ಮೊದಲ ಬೆಳೆಯನ್ನು ಅವನು ಬ್ಯಾರನ್ನಿನಲ್ಲಿ ಕೆಡಿಸಿದ. ಉರಿ ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ. ಸೊಪ್ಪು ಕೆಲವೆಡೆ ಹಸಿರು, ಕೆಲವೆಡೆ ಕರಕು. ಏಜೆಂಟ ಮೂಗು ಮುರಿದ. ಅಲ್ಲಿಯವರೆಗೆ ಆ ಕಡೆ ತಿರುಗಿ ನೋಡದಿದ್ದ ಅತ್ತೆ ಒಂದು ಬೆಳಿಗ್ಗೆ ಎದ್ದು ಬ್ಯಾರನ್ನಿನ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, "ಸೌದೆ ತೆಗಿ ಆಚ್ಗೆ. ಮೂದೇವಿ, ಸುಟ್ಟೇ ಬುಡ್ತೀಯಾ?" ಎಂದಳಂತೆ. ಕೆಟ್ಟ ಕೆಲಸವನ್ನು ನೋಡಿಕೊಂಡು ಸುಮ್ಮನಿರುವುದು ಅವಳಿಗೆ ಬರುತ್ತಿರಲಿಲ್ಲ, ಅದು ತಾನು ದ್ವೇಷಿಸುವ ಕೆಲಸವಾಗಿದ್ದರೂ. ಮರುವರ್ಷ ಸೊಪ್ಪು ಬೇರ್ಪಡಿಸುವ ಹೆಂಗಸರ ನಡುವೆ ಅವಳೇ ಕೂತಳು. ಎಲೆಯನ್ನು ಬೆಳಕಿಗೆ ಹಿಡಿದು, ಮೂಸಿ, ಈ ಗುಡ್ಡೆಗೆ ಆ ಗುಡ್ಡೆಗೆ ಎಸೆಯುತ್ತಿದ್ದಳು. ಮಂಚನಕೊಪ್ಪಲಿನ ಸೊಪ್ಪು ತಾಲ್ಲೂಕಿಗೇ ಮೇಲು ಎಂದು ಏಜೆಂಟ ಹೊಗಳಿದಾಗ ಅವಳು ಹೇಳಿದ್ದಿಷ್ಟು: "ಒಗೆ ಮಾರೋನ ಮಾತು ಒಗೆನೇ."

ನಾನು ಅವಳನ್ನು ಕೊನೆಯ ಸಲ ಕಂಡದ್ದು ಅದರ ಮುಂದಿನ ವರ್ಷ. ಆಮೇಲೆ ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅವಳು ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಕೊನೆಯ ಸಲ ನಾನು ಹೋದಾಗ ಅವಳು ಮನೆಯಲ್ಲಿರಲಿಲ್ಲ, ಏರಿನ ಮೇಲಿದ್ದಾಳೆ ಎಂದರು. ಹತ್ತಿ ಹೋದೆ. ದ್ರಾಕ್ಷಿ ಇದ್ದ ನೆಲದಲ್ಲಿ ಹೊಗೆಸೊಪ್ಪು ನನ್ನ ಎದೆಗೆ ಬಂದಿತ್ತು. ಎಲೆಗಳು ಮೊರದಗಲ. ಅಂಥ ಬೆಳೆಯನ್ನು ನಾನು ಹುಣಸೂರಿನ ಸುತ್ತ ಎಲ್ಲೂ ಕಂಡಿರಲಿಲ್ಲ. ಸಾಲಿನ ನಡುವೆ ಅತ್ತೆಯ ತಲೆ ಮಾತ್ರ ಕಾಣುತ್ತಿತ್ತು. ಅವಳ ಬೆರಳುಗಳು ಸೊಪ್ಪಿನ ಅಂಟಿಗೆ ಕಪ್ಪಾಗಿದ್ದವು.

"ಚೆನ್ನಾಗಿ ಬಂದೈತಲ್ಲ ಅತ್ತೆ" ಎಂದೆ. ಅಂದ ಮೇಲೆ ಬೈಗುಳಕ್ಕೆ ಕಾದೆ.

ಬೈಯಲಿಲ್ಲ. ಸುತ್ತ ಒಂದು ಸಲ ನೋಡಿದಳು.

"ಊ ಕಣೋ ನಿಂಗ. ದ್ರಾಕ್ಷಿ ನೆಟ್ಟಾಗ ಈ ನೆಲ ಏನ್ ಆಟ ಆಡ್ತು ಗೊತ್ತಾ? ಒಂದೊಂದು ಬಳ್ಳಿಗೆ ಮಗೀನಂಗೆ ಮಾಡ್ಬೇಕಾಗಿತ್ತು. ಚಳಿ ಎಚ್ಚಾದ್ರೂ ಮುನಿಸು, ಮಂಜು ಕಮ್ಮಿಯಾದ್ರೂ ಮುನಿಸು. ನಾನು ತಿಳ್ಕಂಡಿದ್ದೆ, ಇದು ಬೇರೆ ಯಾವುದ್ನೂ ಒಪ್ಪಲ್ಲ, ಅಷ್ಟು ಬಿಂಕದ್ದು ಅಂತ. ಈಗ ನೋಡು. ಯಾರೋ ಸೈಕಲ್ನವ್ನು ಬೀಜ ಕೊಟ್ಟ, ಈ ಕಾಳೇಗೌಡ ಎರಚ್ದ, ಎಂಗ್ ಎದ್ದು ನಿಂತೈತೆ. ನೆಲಕ್ಕೂ ಮಾನ ಇಲ್ಲ ಕಣೋ."

ಪಕ್ಕದ ಗಿಡದ ತುದಿಯಲ್ಲಿ ಮೊಗ್ಗು ಮೂಡಿತ್ತು. ಹಾಗೇ ಬಿಟ್ಟರೆ ಹೂವಾಗಿ ಎಲೆಯ ಸತ್ವವೆಲ್ಲ ಅದಕ್ಕೆ ಹೋಗಿಬಿಡುತ್ತದೆ. ಮಾತಾಡುತ್ತಲೇ ಅತ್ತೆ ಕೈ ಚಾಚಿ, ಕೆಳಗಿನ ಎಲೆಗೆ ನೋವಾಗದ ಹಾಗೆ, ಅದನ್ನು ಚಿವುಟಿ ಹಾಕಿದಳು. ಆಮೇಲೆ ಮುಂದಿನ ಗಿಡಕ್ಕೆ ಹೋದಳು.